ಹೆಂಟೆಯವ್ವನ ಹೊಂಡ

ಮುದೇನಹಾಳ ಮತ್ತು ಹುಲಸಗೇರಿಯ ನಡುವಿನ ಎರೆಹೊಲದಲ್ಲಿ ಮೂಡಣದಿಂದ ಸಾಲಾಗಿ ಬರುವ ಗಡಿಗಲ್ಲುಗಳು ಒಂದು ಹೊಂಡದ ದಂಡೆಯಲ್ಲಿ ಥಟ್ಟನೆ ನಿಂತುಬಿಡುತ್ತವೆ. ಆಚೆ ದಂಡೆಯಲ್ಲಿ ಒಂದು ಕಲ್ಲೂ ಇಲ್ಲ. ಇದನ್ನು ಹೆಂಟೆಯವ್ವನ ಹೊಂಡ ಎನ್ನುತ್ತಾರೆ. ಗಡಿಯೆಂಬುದಕ್ಕೂ ಎಲ್ಲೋ ಒಂದು ಕಡೆ ಸಾಕೆನಿಸುತ್ತದೆಂದು ನಾನು ನಂಬಿದ್ದು ಇದನ್ನು ಕಂಡ ಮೇಲೆಯೇ.

ಹಿಂದೆ ಒಮ್ಮೆ ಈ ಎರಡು ಊರುಗಳಿಗೆ ಗಡಿಯ ಜಗಳ ಹತ್ತಿತು. ಸುತ್ತಲಿನ ಬಾವಿಗಳೆಲ್ಲ ಸವಳು. ಸಿಹಿನೀರು ಈ ಹೊಂಡದಲ್ಲಿ ಮಾತ್ರ. ಇದು ಒಬ್ಬರ ಪಾಲಾದರೆ ಇನ್ನೊಂದು ಊರು ಗುಳೆ ಹೋಗಬೇಕಿತ್ತು. ಆ ಕಾಲದ ಪದ್ಧತಿಯಂತೆ, ಇಬ್ಬರೂ ಒಪ್ಪಿದ ಒಬ್ಬರು ಭೂಮಿತಾಯಿಯ ಆಣೆ ಮಾಡಿ, ಹೊಲದ ಮಣ್ಣಿನ ಹೆಂಟೆಯೊಂದನ್ನು ತಲೆಯ ಮೇಲಿಟ್ಟು ನಡೆಯಬೇಕು. ನಡೆದದ್ದೇ ಗಡಿ. ಹೆಂಟೆ ತಲೆಯ ಮೇಲಿರುವಷ್ಟು ಹೊತ್ತು ಆಣೆ, ಮತ್ತೆ ಎರಡನೆಯ ಸಲ ನಡೆಯುವಂತಿಲ್ಲ. ಎಲ್ಲರೂ ಒಪ್ಪಿದ್ದು ಸೂಲಗಿತ್ತಿ ಗುರುಬಸವ್ವನನ್ನು. ಅವಳ ತವರು ಹುಲಸಗೇರಿ, ಗಂಡನ ಊರು ಮುದೇನಹಾಳ. ಎರಡೂ ಕಡೆ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಹಿಂದಿನ ದಿನ ಗಂಡನ ಊರಿನವರು ಶೇಂಗಾ ಹೋಳಿಗೆ ತಂದುಕೊಟ್ಟರು, ತವರಿನವರು ಕರಿಗಡಬು ತಂದರು. ಮುದುಕಿ ಭೇದವೆಣಿಸದೆ ಎರಡನ್ನೂ ತಿಂದಳು. ಹೊಟ್ಟೆ ತುಂಬಿತೇ ಹೊರತು ಸಂಕಟ ಕಡಿಮೆಯಾಗಲಿಲ್ಲ. ತಾನೇ ಹೊಕ್ಕಳ ಕೊಯ್ದ ಕೂಸುಗಳಲ್ಲಿ ಯಾವ ಊರಿನ ಕೂಸಿನ ಬಾಯಿಂದ ನೀರು ಕಸಿಯುವುದು?

ಮರುದಿನ ಹೆಂಟೆ ಹೊತ್ತ ಮುದುಕಿ ಮುಂದೆ, ಕಲ್ಲು ನೆಡುವವರು ಹಿಂದೆ. ಹೊಂಡದ ಮೆಟ್ಟಿಲು ಬಂತು. ಎಡಕ್ಕೆ ಹೊರಳಿದರೆ ಹೊಂಡ ಮುದೇನಹಾಳಕ್ಕೆ, ಬಲಕ್ಕೆ ಹೊರಳಿದರೆ ಹುಲಸಗೇರಿಗೆ. “ಎಡಕ್ಕ ಹೊಳ್ಳಬೇ ಯವ್ವಾ!” ಎಂದು ಮುದೇನಹಾಳದ ಗೌಡ ಕೂಗಿದ. “ಬಲಕ್ಕ ಬಾರಬೇ ಯಕ್ಕಾ, ಬಲಕ್ಕ!” ಎಂದು ತವರಿನ ತಮ್ಮ ಅದಕ್ಕಿಂತ ಜೋರಾಗಿ ಅರಚಿದ. ಗುರುಬಸವ್ವ ಇಬ್ಬರ ಮಾತನ್ನೂ ಕೇಳದೆ ನೆಟ್ಟಗೆ ನಡೆದು ದುಡುಂ ಎಂದು ನೀರಿಗೆ ಬಿದ್ದಳು. ಮೇಲೆತ್ತುವಷ್ಟರಲ್ಲಿ ಹೆಂಟೆ ಕರಗಿ ಮುಖವೆಲ್ಲ ರಾಡಿ; ಕಣ್ಣೆರಡು ಮಾತ್ರ ಮಿಣಮಿಣ ಎನ್ನುತ್ತಿದ್ದವು. ಹೆಂಟೆಯಿಲ್ಲದ ಮೇಲೆ ಆಣೆಯೂ ಇಲ್ಲ, ಮತ್ತೆ ನಡೆಯುವಂತೆಯೂ ಇಲ್ಲ. ಹಿರಿಯರು ಸಂಜೆಯವರೆಗೆ ತಲೆ ಕೆರೆದುಕೊಂಡು, ಗಡಿ ದಂಡೆಗೇ ಮುಗಿಯಿತು, ನೀರು ಇಬ್ಬರದೂ ಎಂದು ಎದ್ದರು. “ಇದೇನ್ ಮಾಡಿದಿಬೇ?” ಎಂದು ಗೌಡ ಕೇಳಿದರೆ, “ಕಾಲ್ ಜಾರಿತಪಾ, ನಾ ಏನ್ ಮಾಡ್ಲಿ?” ಎಂದಳಂತೆ. ಸಾಯುವವರೆಗೂ ಅದನ್ನೇ ಹೇಳಿದಳು ಎನ್ನುತ್ತಾರೆ.

ಇಂದಿಗೂ ಎರಡೂ ಊರಿನ ಹೆಂಗಸರು ಕೊಡ ತುಂಬುವ ಮುನ್ನ ಹಣೆಗೆ ಚಿಟಿಕೆ ಕೆಸರು ಹಚ್ಚಿಕೊಳ್ಳುತ್ತಾರೆ. ನನಗೆ ಆ ಮುದುಕಿಯ ಮೇಲೆ ಬಹಳ ಪ್ರೀತಿ. ನೋಡಲು ಬಂದವರಿಗೆ ಅವಳು ಜಾರಿದ ಮೆಟ್ಟಿಲನ್ನೂ ತೋರಿಸುತ್ತಾರೆ. ಒರಟುಗಲ್ಲಿನದು, ಎರಡು ಮಾರು ಅಗಲ. ಅದರ ಮೇಲೆ ಒಂದು ಎಮ್ಮೆ ಜಾರಿದ್ದನ್ನೂ ಇದುವರೆಗೆ ಯಾರೂ ಕಂಡಿಲ್ಲ.