ಸತ್ತವನ ಮೂರು ಉತ್ತರ

ಇನ್ನು ಮುಂದೆ ಪ್ರಜೆಗಳು ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಮತ ಹಾಕತಕ್ಕದ್ದು ಎಂದು ರಾಜ ಚಂಡಕೇತು ಡಂಗುರ ಸಾರಿಸಿದ. ಮೊದಲು ಮೊಬೈಲಿಗೇ ಸಂದೇಶ ಕಳಿಸಿದ್ದ, ಯಾರೂ ನಂಬಿರಲಿಲ್ಲ.

ರಾಜಕುಮಾರಿ ಮಲಯವತಿ ಆಜ್ಞೆಗೆ ಸಹಿ ಹಾಕಲಿಲ್ಲ. ಮೂರು ಒಗಟು ಬಿಡಿಸಿದವರು ಹೇಳಿದಂತೆ ಆಗಲಿ ಎಂದಳು. ತಪ್ಪಿದವರಿಗೆ ಮರಣ ಎಂದು ರಾಜ ಸೇರಿಸಿದ. ತಲೆ ಕಡಿಯುವುದು ಹಳೆಯ ಪದ್ಧತಿ. ಈಗ ಕಂಪ್ಯೂಟರಿನಲ್ಲಿ ಹೆಸರಿನ ಮುಂದೆ 'ಮೃತ' ಎಂದು ನಮೂದಿಸಿದರೆ ಸಾಕು. ರೇಷನ್ನೂ ಇಲ್ಲ, ಮತವೂ ಇಲ್ಲ.

"ಗಂಡ ಹೆಂಡತಿಯ ಹಿಂದೆ ಹೋಗಲಾಗದ, ರಾಜನೂ ಇಣುಕಲಾಗದ ಕೋಟೆ ಯಾವುದು? ನನ್ನದೇ ಆದರೂ ನಾನು ಯಾರಿಗೂ ತೋರಿಸಲಾಗದ್ದು, ತೋರಿಸುವಂತಾದರೆ ಮಾರಾಟಕ್ಕೆ ಬರುವುದು ಯಾವುದು? ಯಾರು ಒಪ್ಪಿದರೆ ಚುನಾವಣೆ ಮುಗಿಯುತ್ತದೆ?" ಎಂದು ಕೇಳಿದಳು ಮಲಯವತಿ.

"ಪಾಸ್‌ವರ್ಡ್, ಒಟಿಪಿ, ಸರ್ವರ್," ಎಂದ ಗಣಕಮಂತ್ರಿ ವಜ್ರಸೇನ, ಒಂದೇ ಉಸಿರಿಗೆ. ಮಧ್ಯಾಹ್ನದೊಳಗೆ ಮೃತನಾದ.

"ಅಂತಃಪುರ, ಪ್ರೇಮ, ನಾನು," ಎಂದ ನೆರೆರಾಜ್ಯದ ಯುವರಾಜ. ಅವನೂ ಮೃತ.

ಆಮೇಲೆ ಬಂದವನು ಕೆಂಚವೀರ, ಮತಗಟ್ಟೆಗಳಲ್ಲಿ ಬೆಂಚು ಜೋಡಿಸುವ ಆಳು.

"ತಪ್ಪಿದರೆ ಸಾಯುತ್ತೀಯ," ಎಂದ ರಾಜ.

"ಸತ್ತು ಎರಡು ವರ್ಷವಾಯಿತು, ದೊರೆಗಳೇ. ಯಾರೋ ತಪ್ಪು ಗುಂಡಿ ಒತ್ತಿದರು."

ರಾಜ ಗಲಿಬಿಲಿಗೊಂಡ. ಸತ್ತವನನ್ನು ಹೆದರಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. "ಹಾಗಾದರೆ ನಿನ್ನ ಹೆಂಡತಿಯ ಹೆಸರಿನ ಮುಂದೆ 'ಮೃತ' ಎಂದು ಬರೆಸುತ್ತೇನೆ," ಎಂದ ಕೊನೆಗೆ.

ಕೆಂಚವೀರ ರಾಜಕುಮಾರಿಯತ್ತ ತಿರುಗಿದ. ಮನೆಗೆ ಅಕ್ಕಿ ಬರುತ್ತಿದ್ದುದು ಅವಳೊಬ್ಬಳ ಹೆಸರಿನಲ್ಲಿ.

"ಕೋಟೆ ಅಂದರೆ ಮತಗಟ್ಟೆಯ ರಟ್ಟಿನ ಮರೆ, ತಾಯಿ. ಅದನ್ನು ನಿಲ್ಲಿಸುವವನು ನಾನೇ. ಅದರ ಹಿಂದೆ ಒಬ್ಬರೇ ಹೋಗಬೇಕು. ಮನೆಯಲ್ಲಾದರೆ ಗಂಡ ಪಕ್ಕದಲ್ಲೇ ಕೂತಿರುತ್ತಾನೆ. ತೋರಿಸಲಾಗದ್ದು ಹಾಕಿದ ಮತ. ತೋರಿಸುವಂತಾದರೆ ನಮ್ಮೂರ ಗೌಡ ಎಲ್ಲರ ಮೊಬೈಲು ನೋಡಿಯೇ ಸೀರೆ ಹಂಚುತ್ತಾನೆ."

"ಮೂರನೆಯದು?"

"ಸೋತವನು. ಗೆದ್ದವನು ಏನನ್ನಾದರೂ ನಂಬುತ್ತಾನೆ. ಸೋತವನು ಮುಂದೆ ಕೂತು ಚೀಟಿ ಎಣಿಸುವುದನ್ನು ನೋಡಬೇಕು. ಮೊಬೈಲಿನೊಳಗೆ ಏನು ನೋಡುತ್ತಾನೆ?"

"ಸರಿ," ಎಂದಳು ಮಲಯವತಿ. "ರಟ್ಟಿನ ಮರೆಯೇ ಇರಲಿ, ಮೊಬೈಲು ಬೇಡ. ನಿನಗೇನು ಬೇಕು?"

"ಜೀವ, ತಾಯಿ."

"ಆಗುವುದಿಲ್ಲ," ಎಂದ ಗುಮಾಸ್ತ. "ಅರ್ಜಿದಾರನೇ ಲಾಗಿನ್ ಆಗಬೇಕು. ಮೃತರಿಗೆ ಲಾಗಿನ್ ಇಲ್ಲ."

ರಾಜಕುಮಾರಿ ಉಗ್ರಾಣದಿಂದ ಪ್ರಜೆಗಳ ಹಳೆಯ ಪಟ್ಟಿಯ ಪುಸ್ತಕ ತರಿಸಿ, ಧೂಳು ಕೊಡವಿ, ಕೆಂಚವೀರನ ಹೆಸರನ್ನು ತನ್ನ ಕೈಯಿಂದಲೇ ಬರೆದಳು. ಶಾಯಿ ಒಣಗುವಷ್ಟರಲ್ಲಿ ಅವನು ಬದುಕಿದ್ದ. ರಾಜನಿಗೆ ಅದು ಕೊನೆಗೂ ಅರ್ಥವಾಗಲಿಲ್ಲ.

ಹೊರಗೆ ಬಾಗಿಲಲ್ಲಿ ವಜ್ರಸೇನ ಅರ್ಜಿ ಹಿಡಿದು ನಿಂತಿದ್ದ. "ಅಪ್ಪಾ, ಬದುಕಿದ್ದೇನೆ ಅಂತ ಎಲ್ಲಿ ಹೇಳಬೇಕು?"

"ಮೂರನೇ ಕಿಟಕಿ, ಸ್ವಾಮಿ," ಎಂದ ಕೆಂಚವೀರ. "ನಾನು ಹೋದಾಗೆಲ್ಲ ಮುಚ್ಚಿತ್ತು."