ಭರಣಿಯಲ್ಲಿದ್ದ ರುಮಾಲು

"ಗುರುಗಳೇ, ತಪ್ಪು ಮಾಡದವನು ತನ್ನ ಮನೆಯ ಬಾಗಿಲು ತೆರೆಯಲು ಏಕೆ ಹಿಂಜರಿಯಬೇಕು?" ಎಂದು ಶಿಷ್ಯನೊಬ್ಬ ಕೇಳಿದ. ಮರುದಿನ ಅವನು ಊರ ತಳವಾರನಾಗಿ ಕಾವಲು ವಹಿಸಿಕೊಳ್ಳುವವನಿದ್ದ.

ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಹೆಂಗಸಿದ್ದಳು. ಅವಳ ಗಂಡ ಅಂಬಿಗ. ಹೊಳೆ ಉಕ್ಕಿದ ವರ್ಷ ಅವಸರದಲ್ಲಿ ದೋಣಿ ಏರಿ ಹೋದವನು ಮರಳಲಿಲ್ಲ. ಅವನು ಮರೆತು ಬಿಟ್ಟುಹೋಗಿದ್ದ ರುಮಾಲು ಗೂಟದಲ್ಲಿ ಉಳಿದಿತ್ತು. ಅದರಲ್ಲಿ ಅವನ ವಾಸನೆಯಿತ್ತು: ಬೆವರು, ಹೊಗೆಸೊಪ್ಪು, ಹೊಳೆಯ ನೀರು. ಅವಳು ಅದನ್ನು ಒಗೆಯಲಿಲ್ಲ. ಉಪ್ಪಿನಕಾಯಿ ಹಾಕಲು ತಂದಿದ್ದ ಹೊಸ ಭರಣಿಯಲ್ಲಿಟ್ಟು, ಬಾಯಿಗೆ ಬಟ್ಟೆ ಬಿಗಿದು, ಮೇಲೆ ಮೇಣ ಮೆತ್ತಿದಳು. ವರ್ಷಕ್ಕೊಮ್ಮೆ, ಅವನು ಹೋದ ದಿನ, ಮೇಣ ಬಿಡಿಸಿ ಒಂದೇ ಒಂದು ಉಸಿರು ಎಳೆದುಕೊಳ್ಳುವಳು. ಎರಡನೆಯ ಉಸಿರಿಗೆ ಜೀವ ಹಾತೊರೆಯುತ್ತಿತ್ತು. ಮುಂದಿನ ವರ್ಷಕ್ಕಿರಲಿ ಎಂದು ಮತ್ತೆ ಮುಚ್ಚಿಬಿಡುವಳು. ಹೀಗೆ ಹನ್ನೊಂದು ವರ್ಷ ನಡೆಯಿತು.

ಆ ನಾಡಿಗೆ ಹಿರಿಯರು ಮಾಡಿಟ್ಟ ಕಟ್ಟಳೆಯೊಂದಿತ್ತು. ಅರಸನೂ ಅದನ್ನು ಮೀರುವಂತಿರಲಿಲ್ಲ. ತಳವಾರ ಒಬ್ಬರ ಹೊಸಿಲು ದಾಟಬೇಕಾದರೆ ನ್ಯಾಯಾಧಿಕಾರಿಯ ಓಲೆ ಬೇಕು. ಯಾರ ಮನೆ, ಹುಡುಕುವ ವಸ್ತು ಯಾವುದು, ಸಂಶಯಕ್ಕೆ ಕಾರಣವೇನು ಎಂಬುದೆಲ್ಲ ಅದರಲ್ಲಿರಬೇಕು.

ಒಂದು ದಿನ ಗುಡಿಯ ದೀಪದ ಕಂಬ ಕಾಣೆಯಾಯಿತು. ಆಳೆತ್ತರದ ಕಂಬ. ಓಲೆ ಬರೆಸಿಕೊಳ್ಳುವಷ್ಟು ತಾಳ್ಮೆ ತಳವಾರನಿಗೆ ಇರಲಿಲ್ಲ. ಇಡೀ ಕೇರಿಯನ್ನು ಜಾಲಾಡುತ್ತ ಅವಳ ಮನೆಗೂ ನುಗ್ಗಿದ. ಭರಣಿಗೆ ಕೈ ಹಾಕಿದ.

"ಅಣ್ಣಾ, ಮನೆಯೆಲ್ಲ ನೋಡು, ಅದೊಂದನ್ನು ಬಿಡು. ಆಳೆತ್ತರದ ಕಂಬ ಭರಣಿಯೊಳಗೆ ಹಿಡಿಸುತ್ತದೆಯೇ?" ಎಂದು ಅವಳು ಅಂಗಲಾಚಿದಳು.

"ಇಷ್ಟು ಬಿಗಿಯಾಗಿ ಮುಚ್ಚಿದ್ದೀಯ ಎಂದಮೇಲೆ ಒಳಗೆ ಏನೋ ಇದೆ" ಎಂದ ತಳವಾರ. ಬಲು ಜಾಣ!

ಅವನು ಮೇಣ ಒಡೆದ. ರುಮಾಲನ್ನು ಅಂಗಳಕ್ಕೆ ತಂದು, ಸುರುಳಿ ಬಿಚ್ಚಿ, ಉರಿಬಿಸಿಲಿನಲ್ಲಿ ಚೆನ್ನಾಗಿ ಕೊಡವಿದ. ಏನೂ ಬೀಳಲಿಲ್ಲ. ಕೆಟ್ಟವನೇನಲ್ಲ, ಮಡಿಸಿ ಅವಳ ಕೈಗೇ ಕೊಟ್ಟ. "ನೋಡಿಕೋ ತಾಯಿ, ನಿನ್ನದೊಂದು ಎಳೆಯನ್ನೂ ನಾನು ಒಯ್ದಿಲ್ಲ" ಎಂದು ಹೇಳಿ ಮುಂದಿನ ಮನೆಗೆ ನಡೆದ.

ಅವಳು ರುಮಾಲಿನಲ್ಲಿ ಮುಖ ಹುದುಗಿಸಿದಳು. ಒಂದು ಉಸಿರು ಎಳೆದಳು, ಎರಡು, ಮೂರು. ಬಿಸಿಲಿಗೆ ಕಾದ ಬಟ್ಟೆಯ ವಾಸನೆಯಷ್ಟೇ ಬಂತು. ಗಂಡ ಹೋದಾಗಲೂ ಅವಳು ಅಷ್ಟು ಅತ್ತಿರಲಿಲ್ಲ. ಆಗ ಬಂದಾನೆಂಬ ಆಸೆಯಾದರೂ ಇತ್ತು.

ಸಂಜೆ ದೀಪದ ಕಂಬ ಕಂಚುಗಾರನ ಅಂಗಳದಲ್ಲಿ ಸಿಕ್ಕಿತು. ಪೂಜಾರಿಯೇ ತಿಕ್ಕಿ ಬೆಳಗಲೆಂದು ಕಳಿಸಿ ಮರೆತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹೇಳಿದ, "ಪಾಪ, ನಿಜ. ಆದರೆ ತಳವಾರ ಹೇಳಿದ್ದು ಸುಳ್ಳಲ್ಲವಲ್ಲ, ಗುರುಗಳೇ. ಅವನು ಅವಳದೇನನ್ನೂ ಒಯ್ಯಲಿಲ್ಲ."

"ಹಾಗಾದರೆ ಕಳೆದುಹೋದದ್ದನ್ನು ಮರಳಿ ಕೇಳಲು ಅವಳು ಯಾರ ಬಾಗಿಲಿಗೆ ಹೋಗಬೇಕು, ಮಗೂ?" ಎಂದರು ಗುರುಗಳು.