ಭೂಮಂಡಲ ತಿಂದ ಊಟ

ನಮ್ಮ ಸಿಡಿಲಗಲ್ಲಿನ ಪಾಳೆಯಗಾರ ಓಬಳನಾಯಕರಿಗೆ ಒಂದು ಆನೆ ಇತ್ತು. ಹೆಸರು ಭೂಮಂಡಲ. ಅದು ಸೀನಿದರೆ ಪಕ್ಕದೂರಿನ ಚಪ್ಪರ ಹಾರಿಬಂದು ನಮ್ಮೂರಲ್ಲಿ ಬೀಳುತ್ತಿತ್ತು. ಅಂಥ ಒಂದು ಚಪ್ಪರದ ಕೆಳಗೇ ನಮ್ಮ ಮುತ್ತಾತ ಸಣ್ಣೀರಪ್ಪನ ಮದುವೆ ಆದದ್ದು. ಬೇಕಾದರೆ ಯಾರನ್ನಾದರೂ ಕೇಳಿ.

ಒಂದು ದಿನ ನಾಯಕರು ತುಂಬಿದ ಆಸ್ಥಾನದಲ್ಲಿ ತೊಡೆ ತಟ್ಟಿದರು.

“ಇನ್ನು ಆನೆ ಸಾಕೋ ರಗಳೆ ಅರಮನೆಗಿಲ್ಲ. ರಂಗೋಜಿಗೆ ಗುತ್ತಿಗೆ ಕೊಟ್ಟಿದ್ದೀನಿ. ಅರ್ಧ ಖರ್ಚಿಗೆ ಆನೆ ಎರಡರಷ್ಟು ದಪ್ಪ ಆಗುತ್ತೆ! ಇಂಥ ಉಪಾಯ ಯಾವ ರಾಜನಿಗೆ ಹೊಳೆದಿತ್ತು?”

ಅರ್ಧ ಆಸ್ಥಾನ ಭೇಷ್ ಎಂದಿತು, ಉಳಿದರ್ಧ ಗೊಣಗಿತು. ನಾಯಕರನ್ನು ನಗಿಸುವುದೇ ಕೆಲಸವಾಗಿದ್ದ ಸಣ್ಣೀರಪ್ಪ ಮಾತ್ರ ಬಾಯಿ ಬಿಟ್ಟ.

“ಬುದ್ಧೀ, ಗುತ್ತಿಗೆದಾರನಿಗೂ ಒಂದು ಹೊಟ್ಟೆ ಇದೆ. ಆನೆಯದಕ್ಕಿಂತ ದೊಡ್ಡದು.”

“ನಿನಗೆ ಹೊಟ್ಟೆಕಿಚ್ಚು, ಕೂತ್ಕೋ!”

ರಂಗೋಜಿ ಮಾವುತನಾಗಿದ್ದ ದಸ್ತಗೀರನನ್ನು ಓಡಿಸಿ, ಆನೆಯನ್ನು ಬೆಟ್ಟದಾಚೆಗೆ ಸಾಗಿಸಿದ. ಡಂಗುರದ ಕೆಂಚನಿಗೆ ದಿನಾ ತನ್ನ ಮನೆಯಲ್ಲೇ ಬಾಡೂಟ ಹಾಕಿಸಿದ. ಕೆಂಚ ಬೆಳಬೆಳಗ್ಗೆ ತಮಟೆ ಬಡಿಯುತ್ತಿದ್ದ.

“ಕೇಳ್ರಪ್ಪೋ ಕೇಳಿ! ಭೂಮಂಡಲ ಗಾಡಿಗಟ್ಟಲೆ ಕಬ್ಬು ತಿಂತು! ಗುತ್ತಿಗೆ ಬೇಡ ಅನ್ನೋರು ನಾಡದ್ರೋಹಿಗಳು!”

ದಸ್ತಗೀರ ಕದ್ದು ಹೋಗಿ ನೋಡಿ ಬಂದು ಸಣ್ಣೀರಪ್ಪನ ಮುಂದೆ ಅತ್ತ. “ಪಕ್ಕೆಲುಬು ಎಣಿಸಬಹುದು ಅಣ್ಣಾ. ಹಿಂಗೇ ಬಿಟ್ಟರೆ ಅದು ಉಳಿಯಲ್ಲ.”

ಆದರೆ ಹೇಳೋದು ಹೇಗೆ? ಕಾಲು ಬಾತುಕೊಂಡಿದ್ದ ನಾಯಕರು ಬೆಟ್ಟ ಹತ್ತಿ ನೋಡುವಂತಿಲ್ಲ. ಡಂಗುರವನ್ನು ಸುಳ್ಳು ಅಂದವನ ಅರ್ಧ ಮೀಸೆ ಬೋಳಿಸಬೇಕು ಅಂತ ಅವರದೇ ಕಟ್ಟಳೆ ಬೇರೆ. ಸಣ್ಣೀರಪ್ಪನ ಮೀಸೆಯೋ, ಆ ತುದಿಗೊಂದು ಈ ತುದಿಗೊಂದು ಗಿಳಿ ಕೂರುವಂಥದ್ದು. ನಮ್ಮ ವಂಶದಲ್ಲಿ ಎಲ್ಲರದೂ ಹಾಗೇ.

ಅವನು ನೇರ ನಾಯಕರ ಹತ್ತಿರ ಹೋದ.

“ನಾನು ಸೋತೆ ಬುದ್ಧೀ. ಗುತ್ತಿಗೆಯೇ ಸರಿ. ನಾಳೆ ನಿಮ್ಮ ಊಟದ ಗುತ್ತಿಗೆ ನನಗಿರಲಿ. ರಂಗೋಜಿಗಿಂತ ಅಗ್ಗ.”

“ಈಗ ದಾರಿಗೆ ಬಂದೆ ನೋಡು!”

ಮಾರನೆ ಬೆಳಗ್ಗೆ ಕೆಂಚನಿಗೆ ಸಣ್ಣೀರಪ್ಪನ ಮನೆಯಲ್ಲಿ ಇಡೀ ಕುರಿಯ ಔತಣ. ಯಾರ ಮನೆಯ ಸಾರಾದರೇನು, ಕೆಂಚನ ತಮಟೆಗೆ ಭೇದವಿಲ್ಲ.

ಮಧ್ಯಾಹ್ನ ನಾಯಕರು ಎಲೆಯ ಮುಂದೆ ಕೂತರು. ಎಲೆ ಖಾಲಿ. ಹೊತ್ತು ಇಳಿಯಿತು, ಎಲೆ ಬಾಡಿತು, ಅನ್ನ ಬರಲಿಲ್ಲ. ಕಿಟಕಿಯ ಹೊರಗೆ ತಮಟೆ ಕೇಳಿತು.

“ಕೇಳ್ರಪ್ಪೋ! ನಾಯಕರು ನಲವತ್ತು ಹೋಳಿಗೆ ತಿಂದರು! ತೇಗಿದ ಸದ್ದಿಗೆ ಕೋಟೆ ಬಾಗಿಲು ಅಲ್ಲಾಡಿತು! ಊಟ ಸಾಲಲಿಲ್ಲ ಅನ್ನೋರು ನಾಡದ್ರೋಹಿಗಳು!”

“ಜಯವಾಗಲಿ!” ಎಂದು ಬೀದಿ ಕೂಗಿತು.

ನಾಯಕರು ಎಲೆ ಒದ್ದು ಎದ್ದರು. “ಸುಳ್ಳು! ಹಸಿ ಸುಳ್ಳು! ಹೊಟ್ಟೆಗೆ ಒಂದು ಅಗುಳೂ ಬಿದ್ದಿಲ್ಲ!”

ಸಣ್ಣೀರಪ್ಪ ಓಡಿಬಂದು ಕಿಟಕಿ ಮುಚ್ಚಿದ. “ಮೆಲ್ಲಗೆ ಬುದ್ಧೀ, ಮೀಸೆ ಜೋಪಾನ! ಕ್ಷೌರದವನು ಇಲ್ಲೇ ಹೊರಗೆ ಕೂತಿದ್ದಾನೆ.”

ನಾಯಕರ ಕೈ ತಾನಾಗಿಯೇ ಮೀಸೆಗೆ ಹೋಯಿತು. “ಲೋ, ನನ್ನ ಊಟ ಎಲ್ಲೋ?”

“ಬೆಟ್ಟದಾಚೆ ಭೂಮಂಡಲ ದಿನಾ ತಿಂತಾ ಇದೆಯಲ್ಲ, ಅದೇ ಊಟ ಬಡಿಸಿದ್ದೀನಿ ಬುದ್ಧೀ. ಅದು ಇಷ್ಟು ದಿನ ತಿಂದರೂ ಸುಮ್ಮನಿದೆ. ತಾವು ಒಂದೇ ಹೊತ್ತಿಗೆ ನಾಡದ್ರೋಹಿ ಆಗಿಬಿಟ್ಟಿರಲ್ಲ!”

ನಾಯಕರು ಗುರ್ ಎಂದರು, ಆಮೇಲೆ ಮೀಸೆ ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕರು.

“ದಸ್ತಗೀರನಿಗೆ ಕಬ್ಬಿನ ಗಾಡಿ ಕೊಟ್ಟು ಕಳಿಸ್ರೋ! ರಂಗೋಜಿಯನ್ನು ಆಮೇಲೆ ನೋಡ್ಕೋತೀನಿ. ಸಣ್ಣೀರಾ, ನಿನಗೆ ಒಂದು ಹಳ್ಳಿ ಇನಾಮು ಕಣೋ!”

“ಹಳ್ಳಿ ಕೊಟ್ಟದ್ದನ್ನು ಡಂಗುರ ಹೊಡೆಸಬೇಡಿ ಬುದ್ಧೀ,” ಎಂದ ಸಣ್ಣೀರಪ್ಪ. “ನಿಜವಾಗಲೂ ಕೊಟ್ಟುಬಿಡಿ.”